ಅವ್ವನ ಅಂಪಿ

ಹೋದ ತಿಂಗಳು ಆಫೀಸಿನ ಕಾಲ್ ಮುಗಿದ ಮೇಲೆ ನಮ್ಮ ಟೀಮಿನ ಲಿಥುವೇನಿಯಾದ ಸಹೋದ್ಯೋಗಿ, "ನೀನು ಹಂಪಿ ಕಡೆಯವನಲ್ವಾ? ಎರಡು ನಿಮಿಷ ಇರು" ಅಂದಳು. ಅವಳ ಕೈಯಲ್ಲಿ ಸಲ್ಮಾನ್ ರಶ್ದಿಯ 'ವಿಕ್ಟರಿ ಸಿಟಿ' ಇತ್ತು. 2023ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ, ನಮ್ಮ ವಿಜಯನಗರವನ್ನೇ ಇಟ್ಟುಕೊಂಡು ಹೆಣೆದ ಕಥೆ. ಪಂಪಾ, ಹುಕ್ಕ, ಬುಕ್ಕ, ಕಂಪಿಲರಾಯ ಎಲ್ಲರೂ ಅದರಲ್ಲಿದ್ದಾರೆ. "ಇವನ್ನೆಲ್ಲ ನೀವು ಬಾಯಲ್ಲಿ ಹೇಗೆ ಹೇಳ್ತೀರಿ? ಬಿಸ್ನಗ ಅಂದ್ರೇನು?" ಅಂತ ಕೇಳಿದಳು. ಅವರ ಭಾಷೆಯಲ್ಲಿ ಪರದೇಶದ ಹೆಸರನ್ನೂ ಉಚ್ಚಾರಣೆ ನೋಡಿಕೊಂಡೇ ಬರೆಯುವ ರೂಢಿ. ಅದಕ್ಕೇ ಅಂದಾಜಿನ ಮೇಲೆ ಓದೋದು ಅವಳಿಗೆ ಕಷ್ಟ.

ಸೋಮವಾರ ಹೇಳ್ತೀನಿ ಅಂತ ತಪ್ಪಿಸಿಕೊಂಡೆ. ಶುಕ್ರವಾರ ರಾತ್ರಿ ಹೊಸಪೇಟೆಯ ರೈಲು ಹತ್ತಿದೆ.

ಬಿಸ್ನಗ ಸುಲಭವಾಗಿ ಸಿಕ್ಕಿತು. ಅದು ಪೋರ್ಚುಗೀಸರ ಬಾಯಲ್ಲಿ ವಿಜಯನಗರ. ಸುಮಾರು 1520ರಲ್ಲಿ ಬಂದ ದೊಮಿಂಗೊ ಪಾಯೆಸ್, ಅವನ ನಂತರ ಬಂದ ನೂನಿಜ್ ಇಬ್ಬರ ಬರಹದಲ್ಲೂ ಊರಿಗೆ ಇದೇ ಹೆಸರು. ರಾಬರ್ಟ್ ಸೀವೆಲ್ 1900ರಲ್ಲಿ ಅವೆರಡನ್ನೂ ಇಂಗ್ಲಿಷಿಗೆ ತಂದ. ಎಂಥಾ ಅಪಭ್ರಂಶ ಅಂತ ನಗು ಬಂತು. ಆಮೇಲೆ ಯೋಚಿಸಿದರೆ, ವಕಾರವನ್ನು ಬಕಾರ ಮಾಡೋದು ನಮಗೇನು ಹೊಸದೇ? ವನ ಬನವಾಯಿತು, ವರ್ಣ ಬಣ್ಣವಾಯಿತು, ವೀಧಿ ಬೀದಿಯಾಯಿತು. ವಿಜಯಪುರವನ್ನು ಎಷ್ಟು ಕಾಲ ಬಿಜಾಪುರ ಅಂದಿಲ್ಲ!

ಪಂಪಾ ಹಂಪಿಯಾದದ್ದೂ ಹೀಗೇ. ಸುಮಾರು ಸಾವಿರ ವರ್ಷದ ಹಿಂದೆ ಕನ್ನಡದಲ್ಲಿ ಪಕಾರ ಹಕಾರವಾಗತೊಡಗಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ನಮ್ಮ ಸ್ಕೂಲಲ್ಲಿ ಒಂದೇ ಬೆಂಚಿನಲ್ಲಿ ಪಂಪಾಪತಿ, ಹಂಪಣ್ಣ ಇಬ್ಬರೂ ಕೂತಿರ್ತಿದ್ರು. ಎರಡೂ ಒಂದೇ ಬೇರಿನ ಹೆಸರು ಅಂತ ನನಗೆ ಹೊಳೆದಿರಲಿಲ್ಲ. ಪ ಅನ್ನೋಕೆ ತುಟಿ ಕೂಡಬೇಕು. ಹ ಅನ್ನೋಕೆ ಬರೀ ಉಸಿರು ಸಾಕು. ಆ ಉಸಿರನ್ನೂ ಬಿಟ್ಟರೆ ಮುಂದೇನು?

ಅಂಪಿ. ನಮ್ಮವ್ವನ ಅಂಪಿ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಅವ್ವನ ತವರು ಕಂಪ್ಲಿ. ಅವಳ ಬಾಯಲ್ಲಿ ಹಕಾರ ನಿಲ್ಲೋದಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನ ಗೆಳೆಯರನ್ನು ಮನೆಗೆ ಕರೆದಿದ್ದೆ. ರೊಟ್ಟಿ ಬಡಿಸ್ತಾ ಅವ್ವ, "ಅಂಪಿಗೆ ಓಗಿ ಬಂದ್ರಾ?" ಅಂದಳು. ನಾನು ಎಲ್ಲರ ಮುಂದೆ, "ಅಂಪಿ ಅಲ್ಲವ್ವಾ, ಹಂಪಿ. ಓಗಿ ಅಲ್ಲ, ಹೋಗಿ" ಅಂತ ತಿದ್ದಿದೆ. ಗೆಳೆಯರು ನಕ್ಕರು. ಅವ್ವನೂ ನಕ್ಕಳು. ಅವತ್ತಿನಿಂದ ನನ್ನ ಗೆಳೆಯರು ಬಂದಾಗ ಅವಳು ಅಡುಗೆಮನೆ ಬಿಟ್ಟು ಹೊರಗೆ ಬರೋದು ಕಡಿಮೆಯಾಯಿತು. ನಾನದನ್ನು ಗಮನಿಸಿದ್ದೆ, ಆದರೆ ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಫೋನ್ ಹಿಡಿದು ಅವಳ ಹತ್ತಿರ ಕೂತೆ. "ಅವ್ವಾ, ನಮ್ಮ ಊರುಗಳ ಹೆಸರು ಒಂದೊಂದಾಗಿ ಹೇಳು, ರೆಕಾರ್ಡ್ ಮಾಡ್ಕೋತೀನಿ. ಪರದೇಶದಲ್ಲಿ ಒಬ್ಬರಿಗೆ ಬೇಕಾಗಿದೆ" ಅಂದೆ. ಇಂಗ್ಲಿಷ್ ಅಕ್ಷರದಲ್ಲಿ ಸಂಡೂರಿನದು ಡಕಾರವೋ ದಕಾರವೋ ಗೊತ್ತಾಗೋದೇ ಇಲ್ಲ, ಕೇಳಿಯೇ ತಿಳೀಬೇಕು.

ಅವ್ವ ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ನಿಧಾನವಾಗಿ ಹೇಳಿದಳು: "ಹಂಪಿ. ಹೊಸಪೇಟೆ. ಕಂಪ್ಲಿ. ಸಂಡೂರು. ಹಾನೆಗುಂದಿ."

ಆನೆಗುಂದಿಗೂ ಒಂದು ಹಕಾರ ಅಂಟಿಸಿದ್ದಳು. ಎಲ್ಲಿ ತಪ್ಪಾಗ್ತದೋ ಅನ್ನೋ ಹೆದರಿಕೆ. ಆ ಹೆದರಿಕೆ ಕೊಟ್ಟವನು ನಾನು.

ಫೋನ್ ಕೆಳಗಿಟ್ಟು ಪಾಲು, ಹಾಲು, ಪಂಪಾ, ಹಂಪಿ ಎಲ್ಲ ಹೇಳಿದೆ. "ಪಂಪಾ ಹಂಪಿಯಾದದ್ದು ಸರಿ ಅಂದ್ರೆ ಹಂಪಿ ಅಂಪಿಯಾಗೋದೂ ಅದೇ ದಾರಿ ಅವ್ವಾ. ಬರೆಯುವಾಗ ಒಂದು ರೀತಿ ಇರಬಹುದು, ನಿನ್ನ ಮಾತು ತಪ್ಪಲ್ಲ. ಅವತ್ತು ಎಲ್ಲರ ಮುಂದೆ ತಿದ್ದಿದ್ದು ನನ್ನ ತಪ್ಪು" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ಏಳಾಕೆ ಇಷ್ಟೆಲ್ಲ ಓದಬೇಕಾತೇನಪ್ಪಾ?" ಅಂದಳು.

ಎರಡನೇ ಸಲ ರೆಕಾರ್ಡ್ ಮಾಡಿದಾಗ ಅಂಪಿ, ಒಸಪೇಟೆ, ಆನೆಗುಂದಿ ಅಂತ ಸರಾಗವಾಗಿ ಬಂತು. ಪುಸ್ತಕದ ಉಚ್ಚಾರಣೆ ನನ್ನ ದನಿಯಲ್ಲಿ, ಮನೆಯ ಉಚ್ಚಾರಣೆ ಅವ್ವನ ದನಿಯಲ್ಲಿ, ಎರಡನ್ನೂ ಕಳಿಸಿದೆ.

ಸೋಮವಾರ ಆಕೆಯ ಉತ್ತರ ಬಂತು. ಅವರ ಭಾಷೆಯಲ್ಲಿ ಬೆಂಕಿಗೆ ಉಗ್ನಿಸ್, ಮಗನಿಗೆ ಸೂನುಸ್ ಅಂತಾರಂತೆ. ಸಂಸ್ಕೃತದ ಅಗ್ನಿ, ಸೂನುಗಳ ಬಂಧುಗಳು. ಕೊನೆಗೆ ಅವಳದೇ ದನಿಯಲ್ಲಿ ಒಂದು ಪದ: "ಅಂಪಿ." ಫೋನಲ್ಲೇ ಅವ್ವನಿಗೆ ಕೇಳಿಸಿದೆ. "ನಮ್ಮ ಕಂಪ್ಲಿ ಉಡುಗಿ ಅಂಗೇ ಅಂತಾಳಲ್ಲೋ!" ಅಂತ ಜೋರಾಗಿ ನಕ್ಕಳು.

ದಸರಾ ರಜೆಗೆ ಗೆಳೆಯರು ಮತ್ತೆ ಬರ್ತಾರೆ. ಈ ಸಲ ಅವ್ವನೇ ಮಾತಾಡ್ತಾಳೆ, ನಾನು ರೊಟ್ಟಿ ಬಡಿಸ್ತೀನಿ.