ಮಂಚದಡಿಯ ಮರಿ

ಮಕ್ಕಳೇ, ಬೆಸಗರಹಳ್ಳಿಯ ನಮ್ಮ ಮನೆಗೆ ಮೊಮ್ಮಗ ಆಲೆಮನೆಯಿಂದ 2 ತಿಂಗಳ ಕರಿ ನಾಯಿಮರಿ ತಂದ. ಮೂರೇ ದಿನಕ್ಕೆ ನಡುಮನೆಯೆಲ್ಲ ಗಲೀಜು. "ಇನ್ನೊಂದು ವಾರ ನೋಡ್ತೀನಿ ಮಾವ, ಆಮೇಲೆ ಆಲೆಮನೆಗೇ ಬಿಟ್ಬಿಡಿ" ಎಂದಳು ಸೊಸೆ. ನಾನು ಹಳೇ ಕಾಲದವನು. ಗಲೀಜಿಗೆ ಮೂತಿ ಒತ್ತಿ ಒಂದೇಟು ಕೊಟ್ಟೆ. ಮರಿ ಕಲಿತದ್ದೇನು? ನನ್ನ ಕಣ್ತಪ್ಪಿಸಿ ಮಂಚದಡಿ ಮಾಡುವುದನ್ನು!

ಪಶುವೈದ್ಯರು ನಕ್ಕರು. ಇಷ್ಟು ಎಳೆಯ ಮರಿ ಹಗಲಲ್ಲಿ ಎರಡು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದಂತೆ. ನಿದ್ದೆಯಿಂದೆದ್ದ ಕೂಡಲೇ, ತಿಂದ ಸ್ವಲ್ಪ ಹೊತ್ತಿಗೆ, ಆಡಿದ ಮೇಲೆ, ಮಲಗುವ ಮುಂಚೆ ಹೊರಗೆ ಕರೆದೊಯ್ಯಬೇಕು. ಜಾಗ ಒಂದೇ ಇದ್ದರೆ ಹಳೇ ವಾಸನೆ ಹಿಡಿದು ಅಲ್ಲೇ ಮಾಡುತ್ತದೆ. ಒಳಗೆ ಮಾಡಿದರೆ ಬೈಯದೆ, ವಾಸನೆ ಉಳಿಯದಂತೆ ತೊಳೆಯಬೇಕು. ಪೂರ್ತಿ ಕಲಿಯಲು ತಿಂಗಳುಗಳೇ ಹಿಡಿಯಬಹುದು ಎಂದರು. ಸೊಸೆಗೆ ಅದನ್ನು ಹೇಳಲಿಲ್ಲ.

ಹಿತ್ತಲ ತೆಂಗಿನ ಬುಡ ಗೊತ್ತುಮಾಡಿದೆವು. ಊಟ ದಿನಕ್ಕೆ ನಾಲ್ಕು ಸಲ, ಅದೇ ಹೊತ್ತಿಗೆ. ಅಲ್ಲಿ ಮಾಡಿದೊಡನೆ ಮೊಮ್ಮಗ ಬೆನ್ನು ಸವರಿ ಬೇಯಿಸಿದ ಮೊಟ್ಟೆಯ ಚೂರು ಕೊಡುತ್ತಿದ್ದ. ನಡುರಾತ್ರಿಯ ಸರದಿ ನನ್ನದು. ಆ ಹೊತ್ತಿಗೆ ನನಗೂ ಏಳಲೇಬೇಕಲ್ಲ! ಮೊದಲೆರಡು ರಾತ್ರಿ ನನ್ನ ಕೈ ಕಂಡರೇ ಮರಿ ಮುದುರಿಕೊಳ್ಳುತ್ತಿತ್ತು. ಮೂರನೆಯ ರಾತ್ರಿ ತಾನೇ ಹಿಂದೆ ಬಂತು.

ಏಳನೆಯ ಬೆಳಗ್ಗೆ ಮರಿ ಹಿತ್ತಲ ಬಾಗಿಲು ಕೆರೆಯಿತು. ಮುದ್ದೆ ತಿರುವುತ್ತಿದ್ದ ಕೋಲು ಬಿಟ್ಟು ಓಡಿಹೋಗಿ ಚಿಲಕ ತೆಗೆದವಳು ಸೊಸೆಯೇ.