ತೊಟ್ಟಿಯ ಅಂಚಿನಲ್ಲೇ ನಿಲ್ಲಬೇಕಾದ ವಿಷ

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಕೆಲವು ಬೋಲ್ಟುಗಳನ್ನು ಬೆಳಕಿಗೆ ಹಿಡಿದರೆ ಹಳದಿಯ ಮೇಲೆ ಹಸಿರು, ಗುಲಾಬಿ ಮಿಂಚುತ್ತವೆ. ಕಬ್ಬಿಣಕ್ಕೆ ಸತು ಲೇಪಿಸಿ, ಆ ಸತು ಬೇಗ ಹಾಳಾಗದಿರಲೆಂದು ಕ್ರೋಮಿಯಂ ದ್ರಾವಣದಲ್ಲಿ ಕೆಲವು ಸೆಕೆಂಡು ಅದ್ದಿ ತೆಗೆದಾಗ ಬರುವ ಬಣ್ಣ ಅದು. ಬೋಲ್ಟಿನ ಮೇಲೆ ಉಳಿಯುವ ಕ್ರೋಮಿಯಂ ತೀರಾ ತೆಳುವಾದ ಒಂದು ಪದರ, ಅಷ್ಟೆ. ತೊಟ್ಟಿಗೆ ಸುರಿದ ಮಿಕ್ಕ ಕ್ರೋಮಿಯಂ ಎಲ್ಲಿ ಹೋಯಿತು ಎಂದು ಕೇಳುತ್ತ ಹೊರಟರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಬಂದು ನಿಲ್ಲುತ್ತೇವೆ.

1970ರ ದಶಕದಲ್ಲಿ ಬೆಳೆಯತೊಡಗಿದ ಪೀಣ್ಯದಲ್ಲಿ ದೊಡ್ಡ ಕಾರ್ಖಾನೆಗಳಿಗಿಂತ ಸಣ್ಣ ಶೆಡ್ಡುಗಳೇ ಹೆಚ್ಚು. ಒಂದು ಕಡೆ ಲೇತ್, ಪಕ್ಕದಲ್ಲಿ ಹೀಟ್ ಟ್ರೀಟ್‌ಮೆಂಟ್, ಎದುರಿಗೆ ಪೌಡರ್ ಕೋಟಿಂಗ್, ಹಿಂದಿನ ರಸ್ತೆಯಲ್ಲಿ ಪ್ಲೇಟಿಂಗ್. ಅನೇಕ ಶೆಡ್ಡುಗಳು ಬಾಡಿಗೆಯವು. ಬೆರಳೆಣಿಕೆಯಷ್ಟು ಕೆಲಸಗಾರರು, ದೊಡ್ಡ ಕಂಪನಿಗೆ ಜಾಬ್‌ವರ್ಕ್. ಈ ಪ್ರದೇಶದ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ ಷಟ್‌ವೇಲೆನ್ಸಿ ಕ್ರೋಮಿಯಂ ಸಿಕ್ಕಿದ್ದು ಮಾಲಿನ್ಯ ನಿಯಂತ್ರಣ ಮಂಡಳಿಗಳ ದಾಖಲೆಯಲ್ಲಿದೆ.

ಕ್ರೋಮಿಯಂ ಮುಖ್ಯವಾಗಿ ಎರಡು ರೂಪದಲ್ಲಿ ಕಾಣಸಿಗುತ್ತದೆ. ತ್ರಿವೇಲೆನ್ಸಿಯದು ಸುಲಭವಾಗಿ ಕರಗುವುದಿಲ್ಲ, ಮಣ್ಣಿಗೆ ಅಂಟಿಕೊಂಡು ಕೂರುತ್ತದೆ. ಷಟ್‌ವೇಲೆನ್ಸಿಯದು ನೀರಿನಲ್ಲಿ ಕರಗಿ, ನೀರು ಹೋದಲ್ಲೆಲ್ಲ ಹೋಗುತ್ತದೆ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತಪಟ್ಟ ವಸ್ತು. ದಪ್ಪ ಕ್ರೋಮಿಯಂ ಲೇಪಿಸುವ ಹಾರ್ಡ್ ಕ್ರೋಮ್ ತೊಟ್ಟಿಯಿಂದ ಏಳುವ ಹನಿಮಂಜನ್ನು ವರ್ಷಗಟ್ಟಲೆ ಉಸಿರಾಡಿದವರ ಮೂಗಿನ ನಡುಗೋಡೆಯಲ್ಲಿ ತೂತು ಬೀಳುವುದು ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿರುವ ಕಾಯಿಲೆ. ಇದರ ಜೊತೆಗೆ ಬೆಂಗಳೂರಿನ ನೆಲದ ಗುಣವೂ ಸೇರಿಕೊಂಡಿದೆ. ನಮ್ಮ ಕಾಲಡಿ ಇರುವುದು ಗಟ್ಟಿ ನೈಸ್ ಬಂಡೆ. ನೀರು ಹರಿಯುವುದು ಅದರ ಬಿರುಕುಗಳಲ್ಲಿ. ಹಾಗಾಗಿ ಒಂದು ಶೆಡ್ಡಿನ ಹಿಂದೆ ಇಂಗಿದ ದ್ರಾವಣ ಪಕ್ಕದ ಬಾವಿಯನ್ನು ಬಿಟ್ಟು, ದೂರದ ಇನ್ನಾವುದೋ ಬಾವಿಯಲ್ಲಿ ಹಳದಿಯಾಗಿ ಮೇಲೆದ್ದು ಬರಬಹುದು. ಯಾರದ್ದು ತಪ್ಪು ಎಂದು ಬೆರಳಿಟ್ಟು ತೋರಿಸುವುದು ಕಷ್ಟ, ಒಮ್ಮೆ ಒಳಗೆ ಹೋದದ್ದನ್ನು ಹೊರತೆಗೆಯುವುದು ಇನ್ನೂ ಕಷ್ಟ.

ಪ್ರಮಾಣ ಮನಸ್ಸಿಗೆ ಇಳಿಯಲು ಒಂದು ಲೆಕ್ಕ ಹಾಕೋಣ. ಹಾರ್ಡ್ ಕ್ರೋಮ್ ತೊಟ್ಟಿಯ ಒಂದು ಲೀಟರ್ ದ್ರಾವಣದಲ್ಲಿ ಸಾಮಾನ್ಯವಾಗಿ 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ. ಅದರಲ್ಲಿ ಕ್ರೋಮಿಯಂ ಸುಮಾರು 130 ಗ್ರಾಂ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಆ ಒಂದು ಲೀಟರ್ ಸುಮಾರು 26 ಲಕ್ಷ ಲೀಟರ್ ಶುದ್ಧ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. 12,000 ಲೀಟರ್ ಹಿಡಿಸುವ ನೀರಿನ ಟ್ಯಾಂಕರುಗಳಲ್ಲಿ ಹೇಳಿದರೆ ಇನ್ನೂರಕ್ಕೂ ಹೆಚ್ಚು.

ಈ ಒಂದು ಲೀಟರ್ ಹೊರಗೆ ಬರುವುದು ಹೇಗೆ? ರಾತ್ರೋರಾತ್ರಿ ಪೈಪು ಬಿಟ್ಟು ಚರಂಡಿಗೆ ಹರಿಸುವವರ ಚಿತ್ರ ನಮ್ಮ ತಲೆಯಲ್ಲಿದೆ, ಅಂಥವರೂ ಇಲ್ಲದಿಲ್ಲ. ಆದರೆ ದಿನನಿತ್ಯದ ಸೋರಿಕೆಗೆ ದುರುದ್ದೇಶ ಬೇಕಾಗಿಲ್ಲ. ಕೆಲಸಗಾರ ಬಿಡಿಭಾಗಗಳನ್ನು ತೂಗುಹಾಕಿದ ಚೌಕಟ್ಟನ್ನು, ಅಂದರೆ ಜಿಗ್ಗನ್ನು, ತೊಟ್ಟಿಯಿಂದ ಎತ್ತುತ್ತಾನೆ. ಭಾಗಗಳ ಮೈಗೆ ದ್ರಾವಣ ಅಂಟಿರುತ್ತದೆ. ಒಂದೆರಡು ಸೆಕೆಂಡಿನಲ್ಲಿ ಅದನ್ನು ಪಕ್ಕದ ತೊಳೆಯುವ ತೊಟ್ಟಿಗೆ ಮುಳುಗಿಸುತ್ತಾನೆ. ಅಂಟಿ ಬಂದ ದ್ರಾವಣ ಆ ಕ್ಷಣಕ್ಕೆ ತ್ಯಾಜ್ಯವಾಯಿತು. ಅದೇ ಜಿಗ್ಗನ್ನು ತೊಟ್ಟಿಯ ಮೇಲೆಯೇ ಹತ್ತು ಹದಿನೈದು ಸೆಕೆಂಡು ತೂಗುಬಿಟ್ಟು, ಸ್ವಲ್ಪ ಓರೆ ಮಾಡಿ ಹನಿಸಿದ್ದರೆ ಗಣನೀಯ ಪಾಲು ತೊಟ್ಟಿಗೇ ವಾಪಸ್ಸು ಬೀಳುತ್ತಿತ್ತು. ತೊಟ್ಟಿಯ ಮೇಲೆ ಒಂದು ಕೊಕ್ಕೆ, ಎರಡು ತೊಟ್ಟಿಗಳ ನಡುವೆ ಇಳಿಜಾರಿನ ಒಂದು ಪ್ಲಾಸ್ಟಿಕ್ ಹಾಳೆ, ಇಷ್ಟೇ ಖರ್ಚು. ಆದರೆ ಕೆಲಸಗಾರನಿಗೆ ಸಿಗುವುದು ಪೀಸ್ ಲೆಕ್ಕದ ಕೂಲಿಯಾದರೆ ಆ ಹತ್ತು ಸೆಕೆಂಡು ಅವನ ಜೇಬಿನಿಂದ ಹೋಗುತ್ತದೆ. ‘ನಿಧಾನ ಎತ್ತಿ’ ಎಂದು ಗೋಡೆಗೆ ಬೋರ್ಡು ಹಾಕಿ ಸುಮ್ಮನಾಗುವ ಮಾಲೀಕರು ಇದನ್ನು ಮರೆಯುತ್ತಾರೆ.

ತೊಳೆಯುವ ನೀರಿನದು ಇನ್ನೂ ಸ್ವಾರಸ್ಯದ ಲೆಕ್ಕ. ಗಂಟೆಗೆ ಒಂದು ಲೀಟರ್ ದ್ರಾವಣ ಅಂಟಿ ಬರುತ್ತದೆ, ಅದನ್ನು ಸಾವಿರ ಪಟ್ಟು ತೆಳುವಾಗಿಸಿದರೆ ಮಾತ್ರ ಭಾಗ ಶುದ್ಧ ಎಂದುಕೊಳ್ಳಿ. ಒಂದೇ ತೊಳೆತೊಟ್ಟಿ ಇದ್ದರೆ ಗಂಟೆಗೆ 1,000 ಲೀಟರ್ ನೀರು ಹರಿಸಬೇಕು. ಎರಡು ತೊಟ್ಟಿ ಇಟ್ಟು, ಶುದ್ಧ ನೀರನ್ನು ಕೊನೆಯದಕ್ಕೆ ಬಿಟ್ಟು, ಅಲ್ಲಿಂದ ಮೊದಲನೆಯದಕ್ಕೆ ಹಿಮ್ಮುಖವಾಗಿ ಹರಿಸಿದರೆ ಸುಮಾರು 32 ಲೀಟರ್ ಸಾಕು. ಮೂರು ತೊಟ್ಟಿಗಳಾದರೆ ಹತ್ತೇ ಲೀಟರ್. ಬಿಸಿಯಾಗಿರುವ ಪ್ಲೇಟಿಂಗ್ ತೊಟ್ಟಿಯಲ್ಲಿ ನೀರು ಆವಿಯಾಗುತ್ತಲೇ ಇರುವುದರಿಂದ, ಆ ಹತ್ತು ಲೀಟರಿನ ದೊಡ್ಡ ಪಾಲನ್ನು ಮತ್ತೆ ಅದಕ್ಕೇ ಸುರಿಯಬಹುದು. ಬೇಸಿಗೆ ಬಂತೆಂದರೆ ಟ್ಯಾಂಕರಿಗೆ ದುಡ್ಡು ಸುರಿಯುವ ಊರಿನಲ್ಲಿ ಇದು ಪರಿಸರಪ್ರೇಮಕ್ಕಿಂತ ಮೊದಲು ಲಾಭದ ಮಾತು. ಅಡ್ಡಿ ಬರುವುದು ಜಾಗದಿಂದ: ಇಕ್ಕಟ್ಟಿನ ಬಾಡಿಗೆ ಶೆಡ್ಡಿನಲ್ಲಿ ಇನ್ನೆರಡು ತೊಟ್ಟಿ ಇಡಲು ಅಷ್ಟು ಅಗಲವೇ ಇರುವುದಿಲ್ಲ.

ಹೊರಬಿದ್ದ ನೀರನ್ನು ಶುದ್ಧೀಕರಿಸುವ ವಿಧಾನ ಈ ಕಸುಬಿನವರಿಗೆಲ್ಲ ಗೊತ್ತಿರುವಂಥದ್ದೇ. ಆಮ್ಲ ಹಾಕಿ, ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಹಳದಿ ನೀರು ಹಸಿರಾಗುತ್ತದೆ. ಷಟ್‌ವೇಲೆನ್ಸಿ ಕ್ರೋಮಿಯಂ ತ್ರಿವೇಲೆನ್ಸಿಗೆ ಇಳಿದಿದೆ ಎಂದು ಅರ್ಥ. ಆಮೇಲೆ ಸುಣ್ಣ ಹಾಕಿದರೆ ಲೋಹ ಕೆಸರಾಗಿ ತಳಕ್ಕಿಳಿಯುತ್ತದೆ, ಫಿಲ್ಟರ್ ಪ್ರೆಸ್ಸಿನಲ್ಲಿ ಹಿಂಡಿದರೆ ಸ್ಲಡ್ಜ್ ಸಿಗುತ್ತದೆ. ಸ್ವಂತ ಘಟಕ ಇಲ್ಲದವರು ನೀರನ್ನು ಸಾಮೂಹಿಕ ಘಟಕಕ್ಕೆ ಕಳಿಸುತ್ತಾರೆ. ಇಲ್ಲಿ ಗಮನಿಸಬೇಕಾದ್ದು, ಈ ಯಾವ ಹಂತದಲ್ಲೂ ಲೋಹ ನಾಶವಾಗಲಿಲ್ಲ. ನೀರಿನಲ್ಲಿದ್ದದ್ದು ಕೆಸರಿಗೆ ಬಂತು, ಅಷ್ಟೆ. ಸುಣ್ಣ ಅಗ್ಗವೆಂದು ಧಾರಾಳವಾಗಿ ಸುರಿದರೆ ಸ್ಲಡ್ಜಿನ ತೂಕ ಏರುತ್ತದೆ, ವಿಲೇವಾರಿಗೆ ದುಡ್ಡು ಕೊಡುವುದು ತೂಕದ ಮೇಲೆ. ಉಳಿಸಿದ್ದು ಅಲ್ಲೇ ಖರ್ಚಾಯಿತು.

ಆ ಸ್ಲಡ್ಜು ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ ದಾಬಸ್‌ಪೇಟೆಗೆ ಹೋಗುತ್ತದೆ. ಜರ್ಮನಿಯ ತಾಂತ್ರಿಕ ನೆರವಿನೊಂದಿಗೆ ಯೋಜನೆ ರೂಪಿಸಿ, ಈ ಶತಮಾನದ ಮೊದಲ ದಶಕದಲ್ಲಿ ಅಲ್ಲಿ ಅಪಾಯಕಾರಿ ತ್ಯಾಜ್ಯದ ಭೂಭರ್ತಿ ತಾಣ ಕಟ್ಟಲಾಯಿತು. ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ಕಿನ ಪದರಗಳ ಮೇಲೆ, ಸಿಮೆಂಟು ಅಥವಾ ಸುಣ್ಣದೊಂದಿಗೆ ಗಟ್ಟಿ ಮಾಡಿದ ತ್ಯಾಜ್ಯ. ಕೆಳಗೆ ಸೋರುವ ರಸವನ್ನು ಎತ್ತುವ ಪೈಪುಗಳು. ವ್ಯವಸ್ಥೆ ಇರಲೇಬೇಕು, ಸರಿ. ಆದರೆ ಪೀಣ್ಯದ ತೊಟ್ಟಿಯ ಅಂಚಿನಲ್ಲಿ ನಿಲ್ಲಿಸದೇ ಬಿಟ್ಟದ್ದನ್ನು ಇನ್ನೊಂದು ಊರಿನ ನೆಲ ತಲೆತಲಾಂತರ ಹೊತ್ತುಕೊಂಡಿರಬೇಕು ಎಂಬುದು ಇಲ್ಲಿನ ಸಭೆಗಳಲ್ಲಿ ಕೇಳಿಬರುವ ಮಾತಲ್ಲ.

ತ್ಯಾಜ್ಯವನ್ನು ಹುಟ್ಟುವಲ್ಲೇ ತಡೆಯಬೇಕೆಂದು ಕಾನೂನು ಕೂಡ ಹೇಳುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಭೋಪಾಲ್ ದುರಂತದ ನಂತರ 1986ರ ಪರಿಸರ ಸಂರಕ್ಷಣಾ ಕಾಯ್ದೆ ಬಂತು, ಅದರಡಿ 1989ರಲ್ಲಿ ಅಪಾಯಕಾರಿ ತ್ಯಾಜ್ಯದ ಮೊದಲ ನಿಯಮಗಳು ಬಂದವು. 2016ರ ನಿಯಮಗಳು ಆದ್ಯತೆಯ ಕ್ರಮವನ್ನೇ ಬರೆದಿಟ್ಟಿವೆ: ಮೊದಲು ತ್ಯಾಜ್ಯ ಹುಟ್ಟದಂತೆ ತಡೆ, ನಂತರ ಕಡಿಮೆ ಮಾಡುವುದು, ಮರುಬಳಕೆ, ಮರುಸಂಸ್ಕರಣೆ, ವಿಲೇವಾರಿ ಕಟ್ಟಕಡೆಗೆ. ತಪಾಸಣೆಯಲ್ಲಿ ಮಾತ್ರ ಕ್ರಮ ತಿರುಗಿಬಿಡುತ್ತದೆ. ತ್ಯಾಜ್ಯವನ್ನು 90 ದಿನಕ್ಕಿಂತ ಹೆಚ್ಚು ಇಟ್ಟುಕೊಂಡಿಲ್ಲವಷ್ಟೇ, ಲೇಬಲ್ ಅಂಟಿಸಿದ್ದೀರಾ, ವಾರ್ಷಿಕ ವಿವರ ಜೂನ್ 30ರೊಳಗೆ ಸಲ್ಲಿಸಿದ್ದೀರಾ ಎಂಬುದಕ್ಕೆ ಕಾಗದದಲ್ಲಿ ಉತ್ತರ ಇದೆ. ಜಿಗ್ಗು ಎಷ್ಟು ಹೊತ್ತು ತೂಗಿತು ಎಂಬುದಕ್ಕೆ ಇಲ್ಲ.

ಬೆರಕೆಯ ವಿಷಯವನ್ನೂ ಹೇಳಬೇಕು. ಪ್ಲೇಟಿಂಗ್‌ನಲ್ಲಿ ಬಳಸುವ ಸಯನೈಡ್ ತೊಳೆದ ನೀರೂ ಆಮ್ಲ ತೊಳೆದ ನೀರೂ ಒಂದೇ ಗುಂಡಿಗೆ ಇಳಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ಎರಡು ಚರಂಡಿ ಬೇರೆ ಬೇರೆ ಇರಬೇಕು ಎಂಬುದು ಜೀವದ ಪ್ರಶ್ನೆ. ಲೇತ್ ಶೆಡ್ಡಿನಲ್ಲಿ ಇದರ ಸೌಮ್ಯ ರೂಪ ಕಾಣುತ್ತದೆ. ಹಳೆಯ ಎಣ್ಣೆಯನ್ನು ಬೇರೆ ಹಿಡಿದಿಟ್ಟರೆ ಅಧಿಕೃತ ಮರುಸಂಸ್ಕರಣೆಯವರು ದುಡ್ಡು ಕೊಟ್ಟು ಒಯ್ಯುತ್ತಾರೆ. ಅದೇ ಡ್ರಮ್ಮಿಗೆ ಕೂಲೆಂಟ್ ಸುರಿದರೆ, ಕೊಡುವವರೇ ನಾವಾಗುತ್ತೇವೆ. ಎಣ್ಣೆ ಒರೆಸಿದ ಕಾಟನ್ ವೇಸ್ಟ್ ಕೂಡ ನಿಯಮದ ಪಟ್ಟಿಯಲ್ಲಿರುವ ಅಪಾಯಕಾರಿ ತ್ಯಾಜ್ಯವೇ. ಅದು ಕಸದ ಗಾಡಿಗೆ ಹೋಗುವಂತಿಲ್ಲ.

ಇದೇ ಪಟ್ಟಿಯಲ್ಲಿ ಖಾಲಿ ಡ್ರಮ್ಮುಗಳೂ ಇವೆ, ಮತ್ತು ನನಗೆ ಎಲ್ಲಕ್ಕಿಂತ ದಿಗಿಲು ಹುಟ್ಟಿಸುವುದು ಅವೇ. ರಾಸಾಯನಿಕ ಬಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಗಟ್ಟಿ, ದೊಡ್ಡದು, ಗುಜರಿಯಲ್ಲಿ ಒಳ್ಳೆ ಬೆಲೆ. ಗುಜರಿಯಿಂದ ಅದು ನೀರು ತುಂಬಿಡುವ ಮನೆಗೆ, ಕಟ್ಟಡ ಕೆಲಸದವರ ಶೆಡ್ಡಿಗೆ ಹೋಗುತ್ತದೆ. ಒಳಗೆ ಏನಿತ್ತು ಎಂದು ಹೇಳುವ ಲೇಬಲ್ ಅಷ್ಟರಲ್ಲಿ ಕಿತ್ತುಹೋಗಿರುತ್ತದೆ. ಅನುಮತಿ ಪಡೆದ ಘಟಕದಲ್ಲಿ ವಿಷಮುಕ್ತಗೊಳಿಸದ ಡ್ರಮ್ಮು ಗೇಟು ದಾಟಬಾರದು. ಮಾರುವುದೇ ಆದರೆ ತೂತು ಕೊರೆದು ಮಾರಲಿ, ಕನಿಷ್ಠ ಯಾರೂ ಅದರಲ್ಲಿ ನೀರು ತುಂಬಲಾರರು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಟ್ಟಡಗಳವರು ಇದು ತಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳುತ್ತಾರೆ. ನೆಲಮಾಳಿಗೆಗೆ ಇಳಿದು ನೋಡಬೇಕು: ಜನರೇಟರಿನ ಹಳೆಯ ಎಣ್ಣೆ ಮತ್ತು ಫಿಲ್ಟರು, ಯುಪಿಎಸ್ಸಿನ ಸೀಸದ ಬ್ಯಾಟರಿಗಳು, ಪಾದರಸವಿರುವ ಹಳೆಯ ಟ್ಯೂಬ್‌ಲೈಟುಗಳು. ಹಳೆಯ ಕಂಪ್ಯೂಟರುಗಳಿಗೆ ಇ–ತ್ಯಾಜ್ಯದ ಪ್ರತ್ಯೇಕ ನಿಯಮ ಇದೆ, ಬ್ಯಾಟರಿಗಳಿಗೆ 2022ರ ನಿಯಮ. ದೇಶದ ಮೊದಮೊದಲ ಅಧಿಕೃತ ಇ–ತ್ಯಾಜ್ಯ ಘಟಕಗಳಲ್ಲೊಂದಾದ ಇ–ಪರಿಸರ ಅದೇ ದಾಬಸ್‌ಪೇಟೆಯಲ್ಲಿ ಶುರುವಾಗಿದ್ದು.

ಆದರೆ ದೊಡ್ಡ ಕಂಪನಿಗಳ ನಿಜವಾದ ಹೊಣೆ ಅವರ ನೆಲಮಾಳಿಗೆಯಲ್ಲಿಲ್ಲ, ಖರೀದಿ ವಿಭಾಗದಲ್ಲಿದೆ. ಹಳದಿ ಬೋಲ್ಟುಗಳ ಕತೆಯೇ ಇದಕ್ಕೆ ಪುರಾವೆ. ಯುರೋಪಿನ ಒಕ್ಕೂಟ 2006ರ ಜುಲೈ 1ರಿಂದ ವಿದ್ಯುನ್ಮಾನ ಉಪಕರಣಗಳಲ್ಲಿ, ಮರುವರ್ಷ ಕಾರುಗಳಲ್ಲಿ ಷಟ್‌ವೇಲೆನ್ಸಿ ಕ್ರೋಮಿಯಂ ಬಳಕೆಯನ್ನು ನಿರ್ಬಂಧಿಸಿತು. ರಫ್ತಿಗೆ ಭಾಗ ಕಳಿಸುವ ಕಂಪನಿ ತನ್ನ ಜಾಬ್‌ವರ್ಕಿನವರಿಗೆ ತ್ರಿವೇಲೆನ್ಸಿ ಬೇಕೇಬೇಕು ಎಂದಿತು, ತೊಟ್ಟಿಗಳು ಬದಲಾದವು. ನೋಟಿಸುಗಳಿಂದ ಆಗದ್ದು ಪರ್ಚೇಸ್ ಆರ್ಡರಿನ ಒಂದು ಸಾಲಿನಿಂದ ಆಯಿತು. ಆದರೆ ಆ ಸಾಲು ಬೋಲ್ಟಿನ ಮೈಮೇಲಿನ ಪದರವನ್ನಷ್ಟೇ ನೋಡಿತು. ಶೆಡ್ಡಿನ ಹಿಂದಿನ ಗುಂಡಿಯನ್ನು ನೋಡಲಿಲ್ಲ, ಕಿಲೋಗೆ ಇಷ್ಟು ಪೈಸೆ ಇಳಿಸಿ ಎಂದು ಚೌಕಾಸಿ ಮಾಡುವಾಗ ಸ್ಲಡ್ಜಿನ ಖರ್ಚು ಆ ದರದಲ್ಲಿ ಸೇರಿದೆಯೇ ಎಂದೂ ಕೇಳಲಿಲ್ಲ.

ಕೇಳಲು ಹೊಸ ಕಾನೂನು ಬೇಕಿಲ್ಲ. ಅಪಾಯಕಾರಿ ತ್ಯಾಜ್ಯ ಲಾರಿ ಹತ್ತುವಾಗ ಏಳು ಬಣ್ಣದ ಪ್ರತಿಗಳಿರುವ ಮ್ಯಾನಿಫೆಸ್ಟ್ ಬರೆಯಬೇಕು. ಅದರಲ್ಲಿ ನೀಲಿ ಪ್ರತಿ, ತ್ಯಾಜ್ಯ ಸ್ವೀಕರಿಸಿದ ಘಟಕದ ಸಹಿಯೊಂದಿಗೆ ಕಳಿಸಿದವರಿಗೇ ಮರಳುತ್ತದೆ. ಪ್ಲೇಟಿಂಗ್ ಬಿಲ್ಲು ಪಾಸು ಮಾಡುವ ಕಂಪನಿ ಮೂರು ತಿಂಗಳಿಗೊಮ್ಮೆ ಆ ನೀಲಿ ಹಾಳೆಯ ನಕಲನ್ನು ಬಿಲ್ಲಿನ ಜೊತೆಗೆ ಕೇಳಿ, ಅದರಲ್ಲಿನ ಕಿಲೋಗಳನ್ನು ತಾನು ಕಳಿಸಿದ ಕೆಲಸದ ಪಕ್ಕಕ್ಕಿಟ್ಟು ನೋಡಲಿ. ಕೆಲಸ ಎರಡರಷ್ಟಾಗಿ ಸ್ಲಡ್ಜು ಅಷ್ಟೇ ಉಳಿದಿದ್ದರೆ ಎರಡೇ ಸಾಧ್ಯತೆ: ಶೆಡ್ಡಿನವರು ಕೊಕ್ಕೆ ಹಾಕಿ, ಮೂರು ತೊಟ್ಟಿ ಇಟ್ಟಿದ್ದಾರೆ, ಇಲ್ಲವೇ ನೀರು ಬೇರೆಲ್ಲೋ ಹೋಗುತ್ತಿದೆ. ಯಾವುದೆಂದು ತಿಳಿಯಲು ಒಮ್ಮೆ ಪೀಣ್ಯಕ್ಕೆ ಹೋಗಿ ಬಂದರೆ ಸಾಕು.