ತೊಟ್ಟಿಕ್ಕುವ ನಲ್ಲಿಯ ಲೆಕ್ಕ

ಮಕ್ಕಳೇ, ಬೆಂಗಳೂರಿನ ನಮ್ಮ ಮನೆಯ ಹಿತ್ತಿಲ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಬಕೆಟ್ ಇಟ್ಟು ನಾನು ನಿಶ್ಚಿಂತನಾಗಿದ್ದೆ. ಅದು ತುಂಬಿ ಹರಿಯುತ್ತಿದ್ದುದನ್ನು ಕಂಡವಳು ಮೊಮ್ಮಗಳು. 200 ಮಿಲಿಲೀಟರ್ ಲೋಟ ಹಿಡಿದು ಗಡಿಯಾರ ನೋಡಿದಳು. 20 ನಿಮಿಷಕ್ಕೆ ತುಂಬಿತು!

“ಗಂಟೆಗೆ 3 ಲೋಟ, ದಿನಕ್ಕೆ 72. ಹದಿನಾಲ್ಕು ಲೀಟರಿಗೂ ಜಾಸ್ತಿ ತಾತ! ಬ್ಯಾಂಕಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ಸೀಟು ಬಿಟ್ಟು ಏಳ್ತಿರಲಿಲ್ವಂತೆ ನೀವು?”

ಅಜ್ಜಿ ಹೇಳಿಕೊಟ್ಟದ್ದು, ಗೊತ್ತಾಯಿತು.

ಕಾವೇರಿ ನೀರು ನಮ್ಮೂರಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ, ಒಟ್ಟು 500 ಮೀಟರಿನಷ್ಟು ಮೇಲೆತ್ತುತ್ತಾರೆ. ನೀರು ಪೋಲಾದರೆ ಅಷ್ಟು ಕರೆಂಟೂ ಪೋಲು.

ಇನ್ನೊಂದು ತಪ್ಪು ಬಕೆಟಿನೊಳಗೇ ಇತ್ತು: ಸೊಳ್ಳೆಮರಿಗಳು ಕುಣಿಯುತ್ತಿದ್ದವು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೊಳಚೆಯೇ ಬೇಕಿಲ್ಲ, ನಿಂತ ತಿಳಿನೀರು ಸಾಕು. ಹಗಲಲ್ಲೇ ಕಚ್ಚುತ್ತದೆ. ಎದುರುಮನೆ ಹುಡುಗ ಡೆಂಗಿಯಿಂದ ಆಸ್ಪತ್ರೆ ಸೇರಿದ್ದು ನೆನಪಾಗಿ ಎದೆ ಧಸಕ್ಕೆಂದಿತು. ನೀರನ್ನು ಒಣನೆಲಕ್ಕೆ ಚೆಲ್ಲಿದೆ. ಮೊಟ್ಟೆಗಳು ಬಕೆಟಿನ ಗೋಡೆಗೆ ಅಂಟಿರುತ್ತವೆ. ಚೆಲ್ಲಿದರಷ್ಟೇ ಸಾಲದು, ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಬೇಕು.

ಹೊಸ ವಾಷರ್ ಹಾಕಿದ ಮೇಲೆ ನಲ್ಲಿ ಸುಮ್ಮನಾಗಿದೆ. ಪ್ರತಿ ಭಾನುವಾರ ಲೋಟ ಹಿಡಿದು ಮೊಮ್ಮಗಳ ಆಡಿಟ್. ಬಕೆಟ್ ಉಜ್ಜುವುದು ನನ್ನ ಪಾಲು.